ಅನ್‌ಲೆಸ್ ಹಾಕಿದ ಮೇಲೆ ಡೋಂಟ್ ಯಾಕೆ?

ತಮ್ಮಾ, ಕೋಟೆ ಫೋಟೊ ಕೆಳಗೆ ನೀನು ಬರೆದಿದ್ದು ನೋಡಿದೆ: "ಅನ್‌ಲೆಸ್ ಯು ಡೋಂಟ್ ಶೋ ದಿ ಟಿಕೆಟ್, ದೇ ವಿಲ್ ನಾಟ್ ಅಲೋ ಯು." ಹೆಚ್ಚಿನವರು ಸುಮ್ನೆ ಸೂಪರ್ ಅಂತ ಹಾಕಿ ಹೋಗಿದ್ದಾರೆ. ಟಿಕೆಟ್ ತೋರಿಸಿದರೆ ಚಿತ್ರದುರ್ಗದ ಕೋಟೆಯೊಳಗೆ ಬಿಡಲ್ಲ ಅಂತ ಆಯ್ತಲ್ಲಪ್ಪಾ ಇದು! ಅನ್‌ಲೆಸ್ ಅಂದರೇ 'ಇಲ್ಲದಿದ್ದರೆ' ಅಂತ, ಆ ಡೋಂಟ್ ಕಿತ್ತುಹಾಕು, ಸರಿಹೋಗುತ್ತೆ.

ನಾನೂ ಮೊದಲು ಹೀಗೇ ಬರೆಯುತ್ತಿದ್ದೆ. ಎಡವೋದು ನಮ್ಮ 'ಹೊರತು' ಹತ್ತಿರ. "ಮಳೆ ಬಂದ ಹೊರತು ಬಿತ್ತಲ್ಲ" ಅಂತೀವಿ, "ಮಳೆ ಬಾರದ ಹೊರತು ಬಿತ್ತಲ್ಲ" ಅಂತಲೂ ಅಂತೀವಿ. ಎರಡೂ ನಡೆಯುತ್ತೆ. ಇಂಗ್ಲಿಷ್‌ನಲ್ಲಿ ಆ ಸಲಿಗೆ ಇಲ್ಲ. ಅದಕ್ಕೇ ಮನಸ್ಸಲ್ಲಿ 'ಬಂದ ಹೊರತು' ಅಂತಲೇ ಹೇಳಿಕೊಂಡು ಬರೀಬೇಕು: "ವಿ ವೋಂಟ್ ಸೋ ಮೇಝ್ ಅನ್‌ಲೆಸ್ ಇಟ್ ರೇನ್ಸ್." ಇಲ್ಲಿ 'ವಿಲ್ ರೇನ್' ಅಂತ ಬರೆದರೆ ಅದೂ ತಪ್ಪೇ. ಮುಂದಿನ ಮಾತಾದರೂ ಅನ್‌ಲೆಸ್ ಪಕ್ಕ ವಿಲ್ ಬೇಡ. ಅನುಮಾನ ಬಂತಾ, ಅನ್‌ಲೆಸ್ ಅಳಿಸಿ 'ಇಫ್' ಹಾಕಿ, ಡೋಂಟ್ ಸೇರಿಸಿ ಓದಿ ನೋಡು. ಡೋಂಟ್‌ಗೆ ಜಾಗ ಇರೋದು ಅಲ್ಲಿ.

ಹಾಗಂತ ಡೋಂಟ್ ಕಂಡಲ್ಲೆಲ್ಲ ಹೊಡೆದುಹಾಕಬೇಡ. "ಅನ್‌ಲೆಸ್ ಯು ಡೋಂಟ್ ಲೈಕ್ ಸ್ಪೈಸಿ ಫುಡ್, ಟ್ರೈ ದಿ ಮಿರ್ಚಿ" ಅಂತ ದಾವಣಗೆರೆಗೆ ಬಂದವರಿಗೆ ಧಾರಾಳವಾಗಿ ಹೇಳಬಹುದು. ಖಾರ ಇಷ್ಟ ಇಲ್ಲದವರನ್ನು ಬಿಟ್ಟು ಉಳಿದವರು ತಿನ್ನಿ ಅಂತ ಅರ್ಥ. ಇನ್ನೊಂದು, 'ಇಫ್ ನಾಟ್' ಇರೋ ಕಡೆಯೆಲ್ಲ ಅನ್‌ಲೆಸ್ ಕೂರಲ್ಲ. "ಐ ವಿಲ್ ಬಿ ಸರ್‌ಪ್ರೈಸ್ಡ್ ಇಫ್ ಹಿ ಡಸಂಟ್ ಕಮ್." ಅವನು ಬರದೇ ಇರೋದೇ ಆಶ್ಚರ್ಯಕ್ಕೆ ಕಾರಣ. ಅಲ್ಲಿ ಅನ್‌ಲೆಸ್ ತುರುಕಿದರೆ ಕೆಡುತ್ತೆ.

ಯಾರೋ ಮೇಲಿನ ಕಾಮೆಂಟಲ್ಲಿ "ಅನ್‌ಲೆಸ್‌ನ ಅನ್ ಅಂದ್ರೆ ಅಲ್ಲ" ಅಂತ ಬರೆದಿದ್ದಾರೆ. ಅನ್‌ಹ್ಯಾಪಿಯ ಅನ್ ಬೇರೆ ಸ್ವಾಮಿ. ಇದು 15ನೇ ಶತಮಾನದ ಹೊತ್ತಿಗೆ 'ಆನ್ ಲೆಸ್' ಅಂತಿದ್ದದ್ದು ಒಂದಾಗಿದ್ದು.

ಅನ್‌ಟಿಲ್ ಜೊತೆಗೂ ಕಲಸಬೇಡಿ. ಬಸ್ ಬರೋವರೆಗೆ ಕಾಯೋದು ಅನ್‌ಟಿಲ್, ಬಸ್ ಬಂದ ಹೊರತು ಹೊರಡಲ್ಲ ಅನ್ನೋದು ಅನ್‌ಲೆಸ್. ಒಂದು ಹೊತ್ತಿನ ಲೆಕ್ಕ, ಇನ್ನೊಂದು ಷರತ್ತು. ಬ್ಯಾಂಕ್ ಪರೀಕ್ಷೆಗೆ ಓದೋರು 'ಆಲ್ದೋ' ಆದ ಮೇಲೆ 'ಬಟ್' ಹಾಕೋ ಚಟವನ್ನೂ ಬಿಡಿ. ತಪ್ಪು ಹುಡುಕೋ ಪ್ರಶ್ನೆಗಳಲ್ಲಿ ಅದನ್ನೇ ಇಟ್ಟಿರ್ತಾರೆ. ಮೊಬೈಲ್‌ಗೆ ಕನ್ನಡ ಕೊಟ್ಟು ಇಂಗ್ಲಿಷ್ ತೆಗೆಯೋರು, ಬಂದಿದ್ದನ್ನ ಮತ್ತೆ ಕನ್ನಡಕ್ಕೆ ತಿರುಗಿಸಿ ಓದಿ, ಆಮೇಲೆ ಗ್ರೂಪಿಗೆ ಹಾಕಿ.