ಸುಟ್ಟ ಕಾಡಿನಲ್ಲಿ ಬರೀ ಲಂಟಾನ: ಪ್ರತಿಕ್ರಿಯೆ

ಬೆಂಕಿ ಬಿದ್ದು ಮೂರು ವರ್ಷವಾದರೂ ಮರದ ಸಸಿ ಕಾಣುತ್ತಿಲ್ಲ, ಬರೀ ಲಂಟಾನ (ಹೊರಗಿನಿಂದ ಬಂದ ಮುಳ್ಳುಪೊದೆ ಕಳೆ) ಅಂದಿರಲ್ಲ, ಒಂದೇ ಬೆಂಕಿಯಿಂದ ಹೀಗಾಗಿರುವುದು ಕಡಿಮೆ. ಮತ್ತೆ ಮತ್ತೆ ಬೆಂಕಿ ಬೀಳುತ್ತಿರಬೇಕು, ಇಲ್ಲವೇ ದನ ಮೇಯುತ್ತಿರಬೇಕು. ಬೆಂಕಿಗೆ ಎಳೆ ಸಸಿ ಸಾಯುತ್ತದೆ, ಲಂಟಾನ ಬುಡದಿಂದ ಮತ್ತೆ ಚಿಗುರುತ್ತದೆ. ಒಣಗಿದಾಗ ಅದೇ ಮುಂದಿನ ಬೆಂಕಿಗೆ ಸೌದೆ.

ಮೊದಲು ಪೊದೆ ಸರಿಸಿ ಕೆಳಗೆ ನೋಡಿ. ಸುಟ್ಟ ಮರಗಳ ಬುಡದಲ್ಲಿ ಚಿಗುರು ಇದ್ದರೆ ಅರ್ಧ ಕೆಲಸ ಆದ ಹಾಗೆ. ಅದಕ್ಕೆ ಬೇರು ಆಗಲೇ ಇದೆ, ನೆಟ್ಟ ಸಸಿಗಿಂತ ಬೇಗ ಬೆಳೆಯುತ್ತದೆ. ಆಮೇಲೆ ಲಂಟಾನ ತೆಗೆಯಿರಿ, ಕಾಯಿ ಹಣ್ಣಾಗುವ ಮೊದಲೇ. ಮೇಲೆ ಸವರಿದರೆ ಇನ್ನೂ ಜಾಸ್ತಿ ಚಿಗುರುತ್ತದೆ, ಸುಮ್ನೆ ಕೂಲಿ ದಂಡ. ಮಣ್ಣಿನಿಂದ ಮೂರ್ನಾಲ್ಕು ಸೆಂಟಿಮೀಟರ್ ಕೆಳಗೆ ತಾಯಿಬೇರು ಕತ್ತರಿಸಿ, ಪೊದೆಯನ್ನು ತಲೆಕೆಳಗಾಗಿ ಇಟ್ಟು ಒಣಗಲು ಬಿಡಿ. ನೇಗಿಲು, ಜೆಸಿಬಿ ಬೇಡ. ಮಣ್ಣು ಕಲಕಿದಷ್ಟೂ ಕಳೆ.

ದನ ಬರದಂತೆ ಬೇಲಿ ಹಾಕಿ, ಬೇಸಿಗೆಗೆ ಮೊದಲು ಸುತ್ತ ಬೆಂಕಿ ರೇಖೆ, ಅಂದರೆ ಬೆಂಕಿ ದಾಟದಂತೆ ಒಣ ಹುಲ್ಲು, ಎಲೆ ತೆಗೆದ ಖಾಲಿ ಪಟ್ಟಿ, ಮಾಡಿ.

ಮಣ್ಣಿನಲ್ಲಿ ಮರದ ಬೀಜ ಉಳಿದಿದೆಯೋ ಇಲ್ಲವೋ ಈಗಲೇ ಹೇಳಲಾಗದು. ಒಂದು ಮಳೆಗಾಲ ಕಾಯಿರಿ. ಏನೂ ಬರದ ಜಾಗದಲ್ಲಿ ಮಾತ್ರ ಅಲ್ಲಿನದೇ ಜಾತಿಯ ಸಸಿ ನೆಡಿ. ಹಕ್ಕಿ ಲಂಟಾನದ ಹಣ್ಣು ತಿಂದು ಬೀಜ ಉದುರಿಸುವುದರಿಂದ, ಅದು ಕೂರುವ ಮರಗಳ ಕೆಳಗೆ ಲಂಟಾನದ ಮರಿ ಮತ್ತೆ ಏಳುತ್ತದೆ. ಎರಡು ಮೂರು ವರ್ಷ ಅದನ್ನು ಕೈಯಲ್ಲೇ ಕೀಳುತ್ತಿರಿ.