ಮೇಷ್ಟ್ರೇ, ಹುಟ್ಟಿದಹಬ್ಬ ಯಾವ ತಾರೀಖಿಗೆ?

ಮೇಷ್ಟ್ರೇ, ನಮಸ್ಕಾರ.

ಸೋಮವಾರಪೇಟೆಯಿಂದ ನೀವು ಬರೆದ ಇನ್‌ಲ್ಯಾಂಡ್ ಲೆಟರ್ ಸಿಕ್ತು. ಇನ್‌ಲ್ಯಾಂಡ್‌ನಲ್ಲೇ ಬೈಯೋ ಓದುಗರು ಅಂತ ನಮಗೆ ಉಳಿದಿರೋದು ನೀವೊಬ್ರೇ. ಬೈದಿರೋದು ಎರಡು ವಿಷಯಕ್ಕೆ: ಪ್ರತೀ ಸಂಚಿಕೆಲೂ ಆ ಸಿನಿಮಾಗೆ 50 ವರ್ಷ ಆಯ್ತು, ಈ ಸಿನಿಮಾಗೆ 75 ವರ್ಷ ಆಯ್ತು ಅಂತ ಎಂತಕ್ಕೆ ಪೇಜು ತುಂಬಿಸ್ತೀರಿ, ಪತ್ರಿಕೆನಾ ಪಂಚಾಂಗನಾ ಅಂತ ಒಂದು, 'ಸತಿ ಸುಲೋಚನ' ಮೊದಲ ಕನ್ನಡ ಟಾಕಿ, ಅಂದ್ರೆ ಮಾತಾಡೋ ಸಿನಿಮಾ, ಅಂದಿದ್ದು ತಪ್ಪು, 'ಭಕ್ತ ಧ್ರುವ' ಮೊದಲು ಅಂತ ಇನ್ನೊಂದು.

ಎರಡನೇದಕ್ಕೆ ಮೊದಲು ಬರ್ತೀನಿ. ನೀವು ಹೇಳೋದರಲ್ಲಿ ಅರ್ಧ ಸರಿ ಮಾರಾಯ್ರೆ. ಶೂಟಿಂಗ್ ಮೊದಲು ಶುರುವಾಗಿದ್ದು 'ಭಕ್ತ ಧ್ರುವ'ದ್ದೇ, ಆದ್ರೆ ಥಿಯೇಟರಿಗೆ ಮೊದಲು ಬಂದಿದ್ದು 'ಸತಿ ಸುಲೋಚನ', 1934ರ ಮಾರ್ಚ್ 3ಕ್ಕೆ, ಬೆಂಗಳೂರಿನ ಸಿಟಿ ಮಾರ್ಕೆಟ್ ಹತ್ರದ ಪ್ಯಾರಾಮೌಂಟ್‌ನಲ್ಲಿ. ವೈ.ವಿ. ರಾವ್ ಡೈರೆಕ್ಷನ್, ಸುಬ್ಬಯ್ಯ ನಾಯ್ಡು ಇಂದ್ರಜಿತು, ನಾಗೇಂದ್ರರಾಯರು ರಾವಣ, ಶೂಟಿಂಗ್ ಎಲ್ಲ ಕೊಲ್ಹಾಪುರದಲ್ಲಿ. ನಮ್ಮೋರ ಸಿನಿಮಾ ಹುಟ್ಟಿದ್ದು ತವರಲ್ಲಲ್ಲ ನೋಡಿ. ನಾವು 'ಮೊದಲು ತೆರೆಕಂಡ' ಅಂತ ಬರೀಬೇಕಿತ್ತು, ಆ ಒಂದು ಪದ ತಿಂದಿದ್ದು ನಮ್ಮ ತಪ್ಪೇ, ಒಪ್ಕೊಂಡೆ.

ಆದ್ರೆ ಬಿಡುಗಡೆ ತಾರೀಖು ಅನ್ನೋದೂ ಬೆಂಗಳೂರೋರ ತಾರೀಖೇ ಅಲ್ವಾ? ನಾನು ಚಿಕ್ಕೋನಿದ್ದಾಗ ಬೆಂಗಳೂರಲ್ಲಿ ಓಡಿ ಸುಸ್ತಾದ ಮೇಲೆ ಸಿನಿಮಾದ ಫಿಲಂ ಪ್ರಿಂಟು ಬಸ್ಸಿನ ಟಾಪ್ ಮೇಲೆ ಕೂತ್ಕೊಂಡು ಆನೆಕಾಡು ದಾಟಿ ಘಾಟಿ ಹತ್ತಿ ಮಡಿಕೇರಿಗೆ ಬರೋದು, ಅಷ್ಟೊತ್ತಿಗೆ ಅದರ ಮೇಲೆ ಮಳೆ ಬಿದ್ದಂಗೆ ಗೆರೆ ಬಿದ್ದಿರ್ತಿತ್ತು, ಆಮೇಲೆ ಕಕ್ಕಡದ, ಅಂದ್ರೆ ಜುಲೈ-ಆಗಸ್ಟಿನ, ಮಳೆಲಿ ಸಿನಿಮಾ ಟೆಂಟ್ ಬಿಚ್ಚಿದ್ರೆ ಆ ಸಿನಿಮಾ ನಮ್ಮ ಪಾಲಿಗೆ ಮುಂದಿನ ವರ್ಷಕ್ಕೇ. 1971ರ 'ಶರಪಂಜರ'ದಲ್ಲಿ 'ಕೊಡಗಿನ ಕಾವೇರಿ' ಅಂತ ಹಾಡಿದ್ದು ನಮ್ಮ ಹೊಳೆನೇ, ನೋಡೋಕೆ ಮಾತ್ರ ಎಲ್ಲರಿಗಿಂತ ಕೊನೆಗೆ ಕೂತೋರು ನಾವೇ.

ಇನ್ನು ಎಂತಕ್ಕೆ ಅನ್ನೋ ಪ್ರಶ್ನೆ. ಒಂದು ವಿಷಯ ಹೇಳ್ತೀನಿ. ಸಣ್ಣೋರಿದ್ದಾಗ ಪ್ರೊಜೆಕ್ಟರ್ ಆಪರೇಟರ್ ಹತ್ರ ಕಾಡಿ ಬೇಡಿ ಫಿಲಂ ಕಟ್ ಪೀಸ್ ಇಸ್ಕೊಂಡು, ಫ್ಯೂಸ್ ಹೋದ ಬಲ್ಬಿಗೆ ನೀರು ತುಂಬ್ಸಿ ಲೆನ್ಸ್ ಮಾಡಿ, ಕನ್ನಡಿ ಬಿಸಿಲು ಹಿಡಿದು ಗೋಡೆ ಮೇಲೆ ಬಿಡ್ತಿದ್ವಲ್ಲ. ಆ ತುಂಡುಗಳನ್ನ ಪೌಡರ್ ಡಬ್ಬಿಲಿ ಹಾಕಿ ಅಟ್ಟದ ಮೇಲೆ ಇಟ್ಟಿದ್ದೆ. ಹೋದ ವರ್ಷ ತೆಗೆದು ನೋಡಿದ್ರೆ ಮುಚ್ಚಳ ಬಿಚ್ಚುತ್ಲೇ ವಿನಿಗರ್ ವಾಸನೆ, ಮೂಗಿಗೆ ಹೊಡೀತು. ಹೀರೋಯಿನ್ನಿನ ಹಸಿರು ಸೀರೆ ಕೆಂಪಗಾಗಿದೆ, ಆಕಾಶನೂ ಕೆಂಪು, ಎರಡು ತುಂಡು ಅಂಟ್ಕೊಂಡು ಬಿಡಿಸೋಕೇ ಬರ್ಲಿಲ್ಲ. ಅಸಿಟೇಟ್ ಅನ್ನೋ ಪ್ಲಾಸ್ಟಿಕ್ಕಿನ ಫಿಲಂ ತೇವಕ್ಕೆ ಕೊಳೆಯೋದೇ ಹಿಂಗೆ, ಕಲರಲ್ಲಿ ನೀಲಿ ಮೊದಲು ಹೋಗಿ ಕೆಂಪು ಉಳಿಯುತ್ತೆ. ಅದಕ್ಕಿಂತ ಹಳೇದು ನೈಟ್ರೇಟ್ ಫಿಲಂ, ಅದು ಬೆಂಕಿ ಹತ್ತಿದ್ರೆ ಆರೋದೇ ಇಲ್ಲ, 2003ರಲ್ಲಿ ಪುಣೆಲಿ ಎಷ್ಟೋ ಹಳೇ ಫಿಲಂ ಸುಟ್ಟೋಗಿದ್ದು ಹಂಗೇ. ಇನ್ನು 'ಸತಿ ಸುಲೋಚನ'ದ್ದು ಒಂದು ಪ್ರಿಂಟೂ ಉಳಿದಿಲ್ಲ ಮೇಷ್ಟ್ರೇ. ಸುಮಾರು ಮೂರು ಗಂಟೆ ಸಿನಿಮಾ, ನಮಗೆ ಉಳಿದಿರೋದು ಕೆಲವು ಫೋಟೋ ಮತ್ತೆ ಮಾರ್ಚ್ 3 ಅನ್ನೋ ತಾರೀಖು. ತಾರೀಖು ಬಂದಾಗ್ಲಾದ್ರೂ ಪ್ರಿಂಟ್ ಎಲ್ಲಿ ಅಂತ ಯಾರೋ ಒಬ್ರು ಕೇಳ್ತಾರಲ್ಲ, ನಾನು ಪೇಜು ಕೊಡೋದು ಅದಕ್ಕೆ.

ಹಾಗಂತ ಎಲ್ಲದಕ್ಕೂ ಕೇಕ್ ಕಟ್ ಮಾಡೋಕೆ ನಾನೂ ರೆಡಿ ಇಲ್ಲ. 1972ರಲ್ಲಿ 'ಬಂಗಾರದ ಮನುಷ್ಯ', 'ನಾಗರಹಾವು' ಎರಡೂ ಬಂದ್ವು, ಅವಕ್ಕೆ 50 ತುಂಬಿದಾಗ ಬರೆದಿದ್ದಕ್ಕೆ ನನಗೇನೂ ನಾಚಿಕೆ ಇಲ್ಲ. ಆದ್ರೆ '37ನೇ ವರ್ಷದ ಸಂಭ್ರಮ' ಅಂತ ಹಾಕಿದ್ವಲ್ಲ, ಅದಕ್ಕೆ ನೀವು ಬೈದಿದ್ದು ಸಾಲ್ದು.

ಪತ್ರದ ಕೊನೇಲಿ, ಕಾಫಿ ಕಣದ ಪಕ್ಕದ ರೂಮಲ್ಲಿ ಟೆಂಟ್ ಸಿನಿಮಾದ ಹಳೇ ಹ್ಯಾಂಡ್‌ಬಿಲ್ ಕಟ್ಟು ಇದೆ ಅಂದಿದ್ದೀರಲ್ಲ, ಅದನ್ನ ಕಳಿಸ್ಬೇಡಿ, ಪೋಸ್ಟಲ್ಲಿ ಹಾಳಾಗುತ್ತೆ. ನಾನೇ ಮಳೆ ಹಿಡಿಯೋ ಮುಂಚೆ ಒಂದು ಭಾನುವಾರ ಕ್ಯಾಮೆರಾ ತಗೊಂಡು ಬರ್ತೀನಿ. ಗೆದ್ದಲು ಹತ್ತದ ಹಾಗೆ ಅಷ್ಟರತನಕ ಮೇಲೆ ಎತ್ತಿಡಿ.

— ಸಂ.