ಮನೆಯ ರೀಫ್ ಅಕ್ವೇರಿಯಂನಲ್ಲಿ ಓಝೋನ್ ಬಳಸುವುದು ಸುರಕ್ಷಿತವೇ?

ನಿಮ್ಮ 300 ಲೀಟರಿನ ರೀಫ್ (ಹವಳಗಳ) ಟ್ಯಾಂಕಿನ ನೀರು ಹಳದಿಗೆ ತಿರುಗಿದೆ, ನೊರೆ ಎಬ್ಬಿಸಿ ಕೊಳೆ ತೆಗೆಯುವ ಸ್ಕಿಮ್ಮರ್‌ಗೆ ಓಝೋನ್ ಕೊಟ್ಟರೆ ತಿಳಿಯಾಗುತ್ತದೆ ಎಂದು ಸ್ನೇಹಿತರು ಹೇಳಿದ್ದಾರೆ, ಆದರೆ ಟ್ಯಾಂಕ್ ಇರುವುದು ಮಕ್ಕಳು ಆಡುವ ಕೋಣೆಯಲ್ಲಿ. ಹಾಗಾಗಿ ಎಷ್ಟು ಬಳಸಬೇಕು, ಅಪಾಯವೇನು ಎಂದು ಕೇಳಿದ್ದೀರಿ. ನಾನು ಕೆಲವು ವರ್ಷಗಳಿಂದ ಓಝೋನ್ ಬಳಸುತ್ತಿದ್ದೇನೆ, ಒಮ್ಮೆ ಸರಿಯಾಗಿ ಎಡವಿಯೂ ಇದ್ದೇನೆ. ಮನೆಯಲ್ಲಿ ಇದನ್ನು ಸುರಕ್ಷಿತವಾಗಿ ಬಳಸಲು ಸಾಧ್ಯವಿದೆ. ಆದರೆ ಬಹುತೇಕರು ಓಝೋನ್ ಒಳಗೆ ಹೋಗುವ ಕಡೆಗೆ ಗಮನ ಕೊಡುತ್ತಾರೆ. ಎಚ್ಚರ ಬೇಕಿರುವುದು ನೀರೂ ಗಾಳಿಯೂ ಹೊರಗೆ ಬರುವ ಕಡೆಯಲ್ಲಿ.

ಕಾರಣ ಸಮುದ್ರದ ನೀರಿನಲ್ಲೇ ಇದೆ. ಅದರ ಪ್ರತಿ ಲೀಟರಿನಲ್ಲಿ ಸುಮಾರು 65 ಮಿಲಿಗ್ರಾಂ ಬ್ರೋಮೈಡ್ ಇರುತ್ತದೆ, ಮತ್ತು ಓಝೋನ್ ನೀರಿಗೆ ಬಿದ್ದ ಕ್ಷಣಗಳಲ್ಲೇ ಅದರೊಡನೆ ವರ್ತಿಸಿ ಹೈಪೋಬ್ರೋಮಸ್ ಆಮ್ಲ ಮತ್ತು ಹೈಪೋಬ್ರೋಮೈಟ್ ಎಂಬ ಹೊಸ ಆಕ್ಸಿಡೀಕಾರಕಗಳನ್ನು ಹುಟ್ಟಿಸುತ್ತದೆ. ಓಝೋನ್ ತಾನು ಬೇಗನೆ ಮಾಯವಾಗುತ್ತದೆ, ಇವು ಮಾತ್ರ ಉಳಿಯುತ್ತವೆ. ಮೀನಿನ ಕಿವಿರನ್ನೂ ಹವಳದ ಮೃದು ಅಂಗಾಂಶವನ್ನೂ ಸುಡುವುದು ಹೆಚ್ಚಾಗಿ ಇವೇ. ಸಿಹಿನೀರಿನ ಟ್ಯಾಂಕಿನಲ್ಲಿ ಓಝೋನ್ ಬಳಸಿದ ಅನುಭವವಿರುವವರು ‘ಅದು ತಾನಾಗಿಯೇ ಆಮ್ಲಜನಕವಾಗಿ ಹೋಗಿಬಿಡುತ್ತದೆ, ಹೆದರಬೇಡಿ’ ಎಂದರೆ, ಆ ಮಾತು ಉಪ್ಪುನೀರಿಗೆ ಹೊಂದುವುದಿಲ್ಲ ಎಂಬುದು ನೆನಪಿರಲಿ.

ಓಝೋನಿನಿಂದ ಏನನ್ನು ನಿರೀಕ್ಷಿಸಬಹುದು ಎಂಬುದನ್ನೂ ಹೇಳಿಬಿಡುತ್ತೇನೆ. ಪಾಚಿ, ಆಹಾರ ಮತ್ತು ಕೊಳೆತ ಜೈವಿಕ ವಸ್ತುಗಳಿಂದ ನೀರಿಗೆ ಬರುವ ಹಳದಿ ಬಣ್ಣದ ಅಣುಗಳನ್ನು ಅದು ಒಡೆಯುತ್ತದೆ, ಬೆಳಕು ಟ್ಯಾಂಕಿನ ತಳದವರೆಗೆ ಚೆನ್ನಾಗಿ ಇಳಿಯುತ್ತದೆ. ಮನೆಯ ಮಟ್ಟದ ಪ್ರಮಾಣದಲ್ಲಿ ಅದು ರೋಗಾಣುಗಳನ್ನು ಕೊಲ್ಲುವ ಸಾಧನವಲ್ಲ. ಬಿಳಿ ಚುಕ್ಕೆ ರೋಗಕ್ಕೆಂದು ಓಝೋನ್ ಹೆಚ್ಚಿಸಿದರೆ ಪರಾವಲಂಬಿಗಿಂತ ಮೊದಲು ಮೀನೇ ಬಳಲುತ್ತದೆ. ನೈಟ್ರೇಟ್, ಫಾಸ್ಫೇಟ್ ಅದರಿಂದ ಕಡಿಮೆಯಾಗುವುದಿಲ್ಲ, ನೀರು ಬದಲಿಸುವ ಕೆಲಸವೂ ತಪ್ಪುವುದಿಲ್ಲ. ಆದ್ದರಿಂದ ಯಂತ್ರ ಕೊಳ್ಳುವ ಮುನ್ನ ಎರಡು ಬಿಳಿ ಬಕೆಟ್‌ಗಳಲ್ಲಿ ಟ್ಯಾಂಕಿನ ನೀರನ್ನೂ ಹೊಸದಾಗಿ ಕಲಸಿದ ಉಪ್ಪುನೀರನ್ನೂ ತುಂಬಿ ಅಕ್ಕಪಕ್ಕ ಇಟ್ಟು ನೋಡಿ, ಬಳಿಕ ಎರಡು ವಾರ ಒಳ್ಳೆಯ ಆಕ್ಟಿವೇಟೆಡ್ ಕಾರ್ಬನ್ ಹಾಕಿ ಮತ್ತೆ ಹೋಲಿಸಿ. ವ್ಯತ್ಯಾಸ ಅಷ್ಟರಲ್ಲೇ ಅಳಿಸಿಹೋದರೆ ನಿಮಗೆ ಓಝೋನ್ ಬೇಕಾಗಿಲ್ಲ.

ಬೇಕೆಂದೇ ಆದರೆ ಜೋಡಣೆ ಹೀಗಿರಲಿ. ಏರ್ ಪಂಪಿನ ಗಾಳಿ ಮೊದಲು ತೇವ ಹೀರುವ ಮಣಿಗಳ ಡ್ರೈಯರ್ ಹಾಯ್ದು ಓಝೋನೈಸರಿಗೆ ಹೋಗಬೇಕು, ಅಲ್ಲಿಂದ ಒಂದೇ ದಿಕ್ಕಿಗೆ ಬಿಡುವ ಚೆಕ್ ವಾಲ್ವ್ ದಾಟಿ ಸ್ಕಿಮ್ಮರ್‌ನ ಗಾಳಿಯ ಬಾಯಿಗೆ ಸೇರಬೇಕು. ತೇವದ ಗಾಳಿಯಲ್ಲಿ ವಿದ್ಯುತ್ ಕಿಡಿ ಹಾಯಿಸಿ ಓಝೋನ್ ಮಾಡುವ ಯಂತ್ರಗಳ ಉತ್ಪಾದನೆ ಕುಸಿಯುತ್ತದೆ, ಜೊತೆಗೆ ಒಳಗೆ ನೈಟ್ರಿಕ್ ಆಮ್ಲ ಉಂಟಾಗಿ ಯಂತ್ರವನ್ನೇ ತಿನ್ನುತ್ತದೆ. ಮಣಿಗಳ ಬಣ್ಣ ಬದಲಾದ ಕೂಡಲೇ ಬಿಸಿ ಮಾಡಿ ಒಣಗಿಸಿ. ಯಂತ್ರವನ್ನು ನೀರಿನ ಮಟ್ಟಕ್ಕಿಂತ ಮೇಲೆ ಇಡಿ, ಇಲ್ಲವಾದರೆ ಕರೆಂಟ್ ಹೋದಾಗ ಚೆಕ್ ವಾಲ್ವ್ ಕೈಕೊಟ್ಟರೆ ಉಪ್ಪುನೀರು ಹಿಂದಕ್ಕೆ ಹರಿದು ಅದರೊಳಗೆ ತುಂಬುತ್ತದೆ. ಕೊಳವೆಗಳು ಸಿಲಿಕೋನ್ ಅಥವಾ ಟೆಫ್ಲಾನಿನವು ಆಗಿರಲಿ. ನಾನು ಆರಂಭದಲ್ಲಿ ಮನೆಯಲ್ಲಿದ್ದ ಒಂದು ರಬ್ಬರ್ ತುಣುಕನ್ನು ಸಂಧಿಗೆ ಹಾಕಿದ್ದೆ. ಕೆಲವೇ ವಾರಗಳಲ್ಲಿ ಅದನ್ನು ಬಗ್ಗಿಸಿದಾಗ ಒಣಗಿದ ಕೆರೆಯ ಮಣ್ಣಿನಂತೆ ಮೈತುಂಬ ಬಿರುಕು ಬಿಟ್ಟಿತ್ತು. ಇನ್ನೊಂದು ಮಾತು: ಸ್ಕಿಮ್ಮರ್ ಪಂಪ್ ನಿಂತರೆ ಓಝೋನೈಸರೂ ನಿಲ್ಲುವಂತೆ ಎರಡನ್ನೂ ಒಂದೇ ಸ್ವಿಚ್ಚಿಗೆ ಸೇರಿಸಿ.

ಇನ್ನು ಹೊರಬರುವ ಕಡೆ. ಸ್ಕಿಮ್ಮರ್‌ನಿಂದ ಹೊರಬರುವ ನೀರೆಲ್ಲ ಹರಳು ರೂಪದ ಆಕ್ಟಿವೇಟೆಡ್ ಕಾರ್ಬನ್ ಹಾಸಿನ ಮೂಲಕವೇ ಟ್ಯಾಂಕಿನ ಕೆಳಗಿನ ಶೋಧನೆಯ ತೊಟ್ಟಿಯಾದ ಸಂಪ್‌ಗೆ ಇಳಿಯಬೇಕು. ಕಾರ್ಬನ್ ಚೀಲವೊಂದನ್ನು ಸಂಪಿನ ಮೂಲೆಯಲ್ಲಿ ತೇಲಿಬಿಡುವುದು ಸಾಲದು, ಏಕೆಂದರೆ ನೀರು ಸುಲಭದ ದಾರಿ ಹಿಡಿದು ಚೀಲದ ಪಕ್ಕದಲ್ಲೇ ಹರಿದುಹೋಗುತ್ತದೆ. ಅದೇ ರೀತಿ ಸ್ಕಿಮ್ಮರ್ ಕಪ್ಪಿನ ಮುಚ್ಚಳದಿಂದ ಹೊರಬರುವ ಗಾಳಿಗೂ ಪ್ರತ್ಯೇಕವಾದ ಕಾರ್ಬನ್ ಡಬ್ಬಿ ಬೇಕು, ಮತ್ತು ಅದು ನೊರೆಯ ತೇವದಿಂದ ನೆನೆಯದಂತೆ ನೋಡಿಕೊಳ್ಳಬೇಕು. ಎರಡನ್ನೂ ನಾನು ತಿಂಗಳಿಗೊಮ್ಮೆ ಬದಲಿಸುತ್ತೇನೆ.

ಪ್ರಮಾಣದ ವಿಷಯಕ್ಕೆ ಬಂದರೆ, 100 ಲೀಟರಿಗೆ ಗಂಟೆಗೆ 5ರಿಂದ 10 ಮಿಲಿಗ್ರಾಂ ಎಂಬುದು ಹವ್ಯಾಸಿಗಳಲ್ಲಿ ರೂಢಿಯಲ್ಲಿರುವ ಲೆಕ್ಕ. ನಿಮ್ಮ ಟ್ಯಾಂಕಿಗೆ ಅದು 15ರಿಂದ 30 ಮಿಲಿಗ್ರಾಂ ಆಗುತ್ತದೆ. ಅದರ ಕೆಳತುದಿಗಿಂತಲೂ ಕಡಿಮೆಯಿಂದ ಆರಂಭಿಸಿ, ವಾರಕ್ಕೊಮ್ಮೆ ಮಾತ್ರ ಸ್ವಲ್ಪ ಏರಿಸಿ. ಗಂಟೆಗೆ 50 ಮಿಲಿಗ್ರಾಮಿಗಿಂತ ದೊಡ್ಡ ಯಂತ್ರವನ್ನು ಮಾತ್ರ ತರಬೇಡಿ. ‘ದೊಡ್ಡದು ತಂದು ಕಂಟ್ರೋಲರ್‌ನಿಂದ ಹಿಡಿತದಲ್ಲಿಡುತ್ತೇನೆ’ ಎಂದು ಲೆಕ್ಕ ಹಾಕಿದವನು ನಾನೇ, ಎಡವಿದ್ದೂ ಅಲ್ಲೇ.

ಆಗ ನನ್ನ ಬಳಿ ಗಂಟೆಗೆ 200 ಮಿಲಿಗ್ರಾಮಿನ ಯಂತ್ರವಿತ್ತು, ನೀರಿನ ಆಕ್ಸಿಡೀಕರಣ ಸಾಮರ್ಥ್ಯವನ್ನು ಪ್ರೋಬ್ ಎಂಬ ಸಂವೇದಕದಿಂದ ಅಳೆದು ಯಂತ್ರವನ್ನು ಚಾಲೂ ಇಲ್ಲವೇ ಬಂದ್ ಮಾಡುವ ಓಆರ್‌ಪಿ ಕಂಟ್ರೋಲರನ್ನು 375 ಮಿಲಿವೋಲ್ಟ್‌ಗೆ ಹೊಂದಿಸಿದ್ದೆ. ಪ್ರೋಬ್ ತುದಿಗೆ ಕಂದು ಲೋಳೆ ಕಟ್ಟಿದ್ದನ್ನು ಗಮನಿಸಿರಲಿಲ್ಲ. ಒಂದು ಬೆಳಿಗ್ಗೆ ನೋಡಿದರೆ ಹವಳಗಳ ಪುಟ್ಟ ಜೀವಿಗಳಾದ ಪಾಲಿಪ್‌ಗಳೆಲ್ಲ ಒಳಕ್ಕೆ ಸೇರಿಕೊಂಡಿದ್ದವು, ಬಸವನಹುಳುಗಳು ನೀರಿನ ಅಂಚಿಗೆ ಹತ್ತಿ ಕುಳಿತಿದ್ದವು, ಸ್ಕಿಮ್ಮರ್ ಕುತ್ತಿಗೆಯಲ್ಲಿ ನೊರೆಯೇ ಇರಲಿಲ್ಲ. ಕಂಟ್ರೋಲರ್ ಪರದೆಯಲ್ಲಿ ಮಾತ್ರ 312 ಎಂದಿತ್ತು, ಯಂತ್ರ ರಾತ್ರಿಯಿಡೀ ಓಡಿತ್ತು. ಪ್ರೋಬನ್ನು ಮೃದುವಾದ ಬ್ರಷ್ಷಿನಿಂದ ತೊಳೆದು ಮತ್ತೆ ಇಳಿಸಿದಾಗ ಅಂಕಿ ನಿಧಾನವಾಗಿ 430 ದಾಟಿತು. ಓಝೋನ್ ನಿಲ್ಲಿಸಿ, ಹೊಸ ಕಾರ್ಬನ್ ತುಂಬಿ, ನೀರು ಬದಲಿಸಿದ ಮೇಲೆ ಪಾಲಿಪ್‌ಗಳು ಮೂರನೆಯ ದಿನ ಹೊರಬಂದವು.

ಓಆರ್‌ಪಿ ಬಗ್ಗೆ ನನ್ನ ಅಭಿಪ್ರಾಯ ಅಂದಿನಿಂದ ಬದಲಾಗಿದೆ. ಅದು ತಲುಪಬೇಕಾದ ಗುರಿಯಲ್ಲ, ಮೀರಬಾರದ ಗೆರೆ. ಓಝೋನ್ ಇಲ್ಲದೆ 300 ಮಿಲಿವೋಲ್ಟ್ ಆಸುಪಾಸಿನಲ್ಲೇ ಸೊಗಸಾಗಿ ಬೆಳೆಯುವ ರೀಫ್ ಟ್ಯಾಂಕುಗಳಿವೆ. ಆಹಾರ ಹಾಕಿದಾಗ, ನೀರಿಗೆ ಕೈ ಇಳಿಸಿದಾಗ ಅಂಕಿ ಕುಸಿಯುತ್ತದೆ. ಪಿಎಚ್ ಏರಿದರೂ ಇಳಿಯುತ್ತದೆ. ಇಂಥ ಪ್ರತಿ ಕುಸಿತಕ್ಕೂ ಕಂಟ್ರೋಲರ್ ಯಂತ್ರವನ್ನು ಚಾಲೂ ಮಾಡುತ್ತದೆ, ಹೀಗಾಗಿ ಯಂತ್ರ ಚಿಕ್ಕದಾಗಿದ್ದಷ್ಟೂ ಅದರ ತಪ್ಪಿನ ಪರಿಣಾಮ ಚಿಕ್ಕದಾಗಿರುತ್ತದೆ. ನಾನೀಗ 350ಕ್ಕೆ ಯಂತ್ರ ನಿಲ್ಲುವಂತೆ ಇಟ್ಟಿದ್ದೇನೆ, ಪ್ರೋಬನ್ನು ಟ್ಯಾಂಕಿನ ನೀರಿನಲ್ಲಿ ಇಳಿಸಿದ್ದೇನೆ, ತಿಂಗಳಿಗೊಮ್ಮೆ ತೊಳೆದು ನಿಗದಿತ ಮಿಲಿವೋಲ್ಟ್‌ನ ದ್ರಾವಣದಲ್ಲಿ ಅದ್ದಿ ಸರಿಯಿದೆಯೇ ನೋಡುತ್ತೇನೆ.

ಓಆರ್‌ಪಿ ಹೇಳದ ಸಂಗತಿಯನ್ನು ತಿಳಿಯಲು ಡಿಪಿಡಿ (ಆಕ್ಸಿಡೀಕಾರಕ ಇದ್ದರೆ ಗುಲಾಬಿಯಾಗುವ ರಾಸಾಯನಿಕ) ವಿಧಾನದ ‘ಒಟ್ಟು ಕ್ಲೋರಿನ್’ ಕಿಟ್ ತೆಗೆದುಕೊಳ್ಳಿ. ‘ಮುಕ್ತ ಕ್ಲೋರಿನ್’ ಮಾತ್ರ ಅಳೆಯುವುದು ಬೇಡ. ನೀರಿನಲ್ಲಿ ಉಳಿದಿರುವ ಬ್ರೋಮಿನ್ ಆಕ್ಸಿಡೀಕಾರಕಗಳಿಗೂ ಒಟ್ಟು ಕ್ಲೋರಿನ್ ಕಿಟ್ ಬಣ್ಣ ತಿರುಗುತ್ತದೆ. ಮಾದರಿಯನ್ನು ಕಾರ್ಬನ್ ದಾಟಿ ಬಂದ ನೀರಿನಿಂದ ಹಿಡಿಯಿರಿ. ಬಿಳಿ ಕಾಗದದ ಮೇಲೆ ಕೊಳವೆಯನ್ನು ಹಿಡಿದು ಮೇಲಿನಿಂದ ನೋಡಿದಾಗ ಗುಲಾಬಿಯ ಛಾಯೆ ಕಂಡರೂ ಓಝೋನ್ ನಿಲ್ಲಿಸಿ ಕಾರ್ಬನ್ ಬದಲಿಸಿ.

ಮಕ್ಕಳ ವಿಷಯ ಕೊನೆಗೆ ಬಂತು, ಮಹತ್ವದಲ್ಲಿ ಅದೇ ಮೊದಲು. ಅಮೆರಿಕದಲ್ಲಿ ಕೆಲಸದ ಸ್ಥಳದ ಗಾಳಿಗೆ 8 ಗಂಟೆಗಳ ಸರಾಸರಿಯಾಗಿ ಓಝೋನಿಗೆ ವಿಧಿಸಿರುವ ಮಿತಿ 0.1 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 0.1 ಭಾಗ), ಅದು ಆರೋಗ್ಯವಂತ ವಯಸ್ಕರಿಗೆಂದು ಮಾಡಿದ್ದು, ದಿನವಿಡೀ ಅಲ್ಲೇ ಇರುವ ಮಕ್ಕಳಿಗಲ್ಲ. ಅದೃಷ್ಟಕ್ಕೆ ನಮ್ಮ ಮೂಗು ಅದಕ್ಕಿಂತ ಕಡಿಮೆ ಮಟ್ಟದಲ್ಲೇ ಓಝೋನಿನ ವಾಸನೆ ಹಿಡಿಯುತ್ತದೆ. 1840ರಲ್ಲಿ ರಸಾಯನಶಾಸ್ತ್ರಜ್ಞ ಶೋನ್‌ಬೈನ್ ಇದಕ್ಕೆ ಹೆಸರಿಟ್ಟದ್ದೂ ‘ವಾಸನೆ ಬೀರು’ ಎಂಬ ಗ್ರೀಕ್ ಪದದಿಂದಲೇ. ಆದರೆ ಕೋಣೆಯಲ್ಲೇ ಕುಳಿತವರ ಮೂಗು ಬಹುಬೇಗ ಆ ವಾಸನೆಗೆ ಒಗ್ಗಿಬಿಡುತ್ತದೆ. ಹೊರಗಿನಿಂದ ಮನೆಯೊಳಗೆ ಕಾಲಿಟ್ಟ ಮೊದಲ ಉಸಿರಿನಲ್ಲಿ, ಟ್ಯಾಂಕಿನ ಕ್ಯಾಬಿನೆಟ್ ಬಾಗಿಲು ತೆರೆದ ಕ್ಷಣದಲ್ಲಿ ಏನು ಬರುತ್ತದೆ ಎಂಬುದನ್ನು ಗಮನಿಸಿ. ಫೋಟೋಕಾಪಿ ಯಂತ್ರದ ಪಕ್ಕದಲ್ಲಿ ಬರುವಂಥ ಚುರುಕು ವಾಸನೆ ಇದ್ದರೆ ಎಲ್ಲೋ ಸೋರುತ್ತಿದೆ ಅಥವಾ ಗಾಳಿಯ ಕಾರ್ಬನ್ ಮುಗಿದಿದೆ. ಮೊದಲು ಪ್ಲಗ್ ಕೀಳಿ, ಕಿಟಕಿ ತೆರೆಯಿರಿ, ಹುಡುಕಾಟ ಆಮೇಲೆ. ಮನೆಯಲ್ಲಿ ಯಾರಿಗಾದರೂ ಉಬ್ಬಸವಿದ್ದರೆ ಓಝೋನಿನ ಯೋಚನೆಯನ್ನೇ ಬಿಟ್ಟು ಕಾರ್ಬನ್‌ನಲ್ಲೇ ಮುಂದುವರಿಯಿರಿ ಎಂಬುದು ನನ್ನ ಸಲಹೆ.

ಒಂದೆರಡು ದಿನ ಊರಿಗೆ ಹೋಗುವಾಗಲೂ ನಾನು ಓಝೋನೈಸರಿನ ಪ್ಲಗ್ ಕಿತ್ತಿಟ್ಟೇ ಹೊರಡುತ್ತೇನೆ. ನೀರು ಮತ್ತೆ ಹಳದಿಯಾಗಲು ವಾರಗಳು ಬೇಕು. ಪ್ರೋಬ್ ಕೆಟ್ಟರೆ ಒಂದೇ ರಾತ್ರಿ ಸಾಕು.